ನೆನಪು ಅಳಿದ ಮೇಲೂ ಬೆರಳುಗಳಲ್ಲಿ ವಿದ್ಯೆ ಉಳಿಯುತ್ತದೆಯೇ?

ಪ್ರಶ್ನೆ: ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೊ ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಎಲ್ಲವನ್ನೂ ಮರೆತು, ಗಿಟಾರನ್ನು ಮತ್ತೆ ಮೊದಲಿನಿಂದ ಕಲಿತರೆಂದು ಓದಿದ್ದೇನೆ. ಇದು ನಿಜವಾಗಿಯೂ ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ‘ಮೊದಲಿನಿಂದ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ.

1944ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಮಾರ್ಟಿನೊ ಹದಿಹರೆಯದಲ್ಲೇ ವೃತ್ತಿಗೆ ಇಳಿದು, 1967ರ ಹೊತ್ತಿಗೆ ತಮ್ಮ ಹೆಸರಿನಲ್ಲೇ ಧ್ವನಿಮುದ್ರಿಕೆ ಹೊರತಂದಿದ್ದರು. ಮೆದುಳಿನ ಎಡಭಾಗದಲ್ಲಿದ್ದ ರಕ್ತನಾಳಗಳ ಗೋಜಲೊಂದು ಅವರನ್ನು ವರ್ಷಗಟ್ಟಲೆ ಮೂರ್ಛೆಯಿಂದ ಬಳಲಿಸಿತು. ಮೂಲ ಕಾರಣ ಪತ್ತೆಯಾಗದೆ ಅದನ್ನು ಮನೋರೋಗವೆಂದು ಭಾವಿಸಿ ವಿದ್ಯುದಾಘಾತ ಚಿಕಿತ್ಸೆಯನ್ನೂ ಕೊಡಲಾಯಿತು. ಕೊನೆಗೆ 1980ರಲ್ಲಿ, ಪ್ರಾಣವೇ ಹೋಗುವ ಸ್ಥಿತಿಯಲ್ಲಿ, ಎಡ ಟೆಂಪೊರಲ್ ಲೋಬಿನ (ಕಿವಿಯ ಬಳಿಯ ಮೆದುಳಿನ ಭಾಗ) ಬಹುಭಾಗವನ್ನು ತೆಗೆಯಬೇಕಾಯಿತು. ಎಚ್ಚರವಾದಾಗ ಹೆತ್ತವರ ಗುರುತೂ ಸಿಗಲಿಲ್ಲ, ತಾವು ವಾದಕರೆಂಬುದೂ ತಿಳಿದಿರಲಿಲ್ಲ.

ಅವರ ತಂದೆ ಮನೆಯಲ್ಲಿ ಮಗನ ಹಳೆಯ ರೆಕಾರ್ಡುಗಳನ್ನು ಹಾಕುತ್ತಿದ್ದರು. ಮಹಡಿಯ ಮೇಲೆ ಮಲಗಿದ್ದ ಮಾರ್ಟಿನೊ ಅವರಿಗೆ ಗೋಡೆ, ನೆಲಗಳ ಮೂಲಕ ಕೇಳಿಬರುತ್ತಿದ್ದ ಆ ವಾದನ ಸಾಂತ್ವನವಾಗಿರಲಿಲ್ಲ. ತಾವು ಯಾರಾಗಿರಬೇಕಿತ್ತೋ ಆ ಅಪರಿಚಿತನನ್ನು ಅದು ಮತ್ತೆ ಮತ್ತೆ ಎದುರಿಗೆ ತಂದು ನಿಲ್ಲಿಸುತ್ತಿತ್ತು. ಈ ಕಥೆಯನ್ನು ಬರೀ ಪವಾಡವೆಂದು ಹೇಳುವವರು ಈ ಸಂಕಟವನ್ನು ಬಿಟ್ಟುಬಿಡುವುದು ನನಗೆ ಅನ್ಯಾಯವೆನಿಸುತ್ತದೆ. ನುಡಿಸುವ ಆಸೆ ಮರಳಲು ಕಾಲ ಹಿಡಿಯಿತು. ಗಿಟಾರ್ ಕೈಗೆತ್ತಿಕೊಂಡು ಸಣ್ಣಪುಟ್ಟ ಸ್ವರಗುಚ್ಛಗಳನ್ನು ಹುಡುಕುತ್ತ ಹೋದಂತೆ, ಬೆರಳುಗಳ ಹಳೆಯ ರೂಢಿಯೂ ನೆನಪಿನ ತುಣುಕುಗಳೂ ಒಂದನ್ನೊಂದು ಹಿಡಿದುಕೊಂಡು ಮೇಲೆದ್ದು ಬಂದವೆಂದು ಅವರೇ ಹೇಳಿಕೊಂಡಿದ್ದಾರೆ.

ಇದರ ಕಾರಣವೆಂದರೆ, ನೆನಪು ಒಂದೇ ಬಗೆಯದಲ್ಲ. ಬದುಕಿನ ಘಟನೆಗಳನ್ನೂ ಪದಗಳ ಅರ್ಥವನ್ನೂ ಕಾಪಿಡುವಲ್ಲಿ ಟೆಂಪೊರಲ್ ಲೋಬಿನ ಪಾತ್ರ ದೊಡ್ಡದು. ಅಭ್ಯಾಸದಿಂದ ಕೈಗೆ ಹತ್ತಿದ ಕೌಶಲವಾದರೋ ಬಹುಮಟ್ಟಿಗೆ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು, ಕಿರುಮೆದುಳು ಮತ್ತು ಚಲನೆಯನ್ನು ನಿಯಂತ್ರಿಸುವ ಮೆದುಳಿನ ಹೊರಪದರವನ್ನು ಅವಲಂಬಿಸಿದೆ. 1953ರಲ್ಲಿ ಶಸ್ತ್ರಚಿಕಿತ್ಸೆಯಿಂದ ಎರಡೂ ಬದಿಯ ಟೆಂಪೊರಲ್ ಲೋಬುಗಳ ಒಳಭಾಗವನ್ನು ಕಳೆದುಕೊಂಡ ಅಮೆರಿಕದ ರೋಗಿ ಹೆನ್ರಿ ಮೊಲೈಸನ್ ಅವರಲ್ಲಿ ಇದು ಸ್ಪಷ್ಟವಾಗಿ ಕಂಡಿತು: ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಅಂಚನ್ನು ಗೀಚುವ ಕೆಲಸದಲ್ಲಿ ಅವರು ದಿನದಿಂದ ದಿನಕ್ಕೆ ಸುಧಾರಿಸಿದರು, ಆದರೆ ಹಿಂದಿನ ದಿನ ಅದನ್ನು ಮಾಡಿದ್ದರ ನೆನಪೇ ಅವರಿಗಿರಲಿಲ್ಲ.

ಹಾಗೆಂದು ಬೆರಳುಗಳೇ ಎಲ್ಲವನ್ನೂ ಮಾಡಿದವೆನ್ನಲಾಗದು. ಜಾಝ್‌ನಲ್ಲಿ ವಾದಕನು ಕ್ಷಣಕ್ಷಣಕ್ಕೂ ಸ್ವರಮೇಳದ ತಿರುವುಗಳನ್ನು ಅರಿತು ಹೊಸದನ್ನು ಕಟ್ಟಬೇಕು. ಆ ತಿಳಿವಳಿಕೆಯನ್ನು ಮಾರ್ಟಿನೊ ತಮ್ಮದೇ ಧ್ವನಿಮುದ್ರಿಕೆಗಳನ್ನು ಶಿಷ್ಯನಂತೆ ಕೇಳಿ, ವರ್ಷಗಳ ಶ್ರಮದಿಂದ ಮತ್ತೆ ಗಳಿಸಿದರು. 1987ರಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಮುದ್ರಣಗೊಂಡ ‘ದಿ ರಿಟರ್ನ್’ ಆಲ್ಬಂನೊಂದಿಗೆ ಮರಳಿದ ಅವರು, 2021ರಲ್ಲಿ ತೀರಿಕೊಳ್ಳುವುದಕ್ಕೆ ಕೆಲವು ವರ್ಷಗಳ ಮುಂಚಿನವರೆಗೂ ನುಡಿಸಿದರು.

ಮೆದುಳಿಗೆ ಪೆಟ್ಟಾದ ಪ್ರತಿಯೊಬ್ಬ ಕಲಾವಿದರಿಗೂ ಈ ದಾರಿ ತೆರೆದಿರುತ್ತದೆಂದು ತಿಳಿಯಬಾರದು. ಪಾರ್ಶ್ವವಾಯುವಿನಿಂದ ಚಲನೆಯ ಭಾಗವೇ ಹಾನಿಗೊಂಡರೆ, ಪ್ರತಿಯೊಂದು ಸ್ವರವೂ ನೆನಪಿದ್ದು ಕೈ ಮಾತ್ರ ಓಡದಿರಬಹುದು. ಆಗ ಬೇಕಾಗುವ ಆರೈಕೆಯೂ ಅಭ್ಯಾಸವೂ ಬೇರೆಯೇ ಆಗಿರುತ್ತವೆ.