ಬೂದುಗುಂಬಳದ ಚಹಾ: ಸಿಪ್ಪೆ, ತಿರುಳು ಬಿಸಾಡಬೇಡಿ

ಚೀನೀ ಭಾಷೆಯಲ್ಲಿ ಇದಕ್ಕೆ ದೊಂಗ್ ಗ್ವಾ ಚಾ ಎನ್ನುತ್ತಾರೆ. ದೊಂಗ್ ಎಂದರೆ ಚಳಿಗಾಲ, ಗ್ವಾ ಎಂದರೆ ಕುಂಬಳ, ಸೌತೆಯಂಥ ಬಳ್ಳಿಕಾಯಿ, ಚಾ ಎಂದರೆ ಚಹಾ. ಕುಡಿಯುವುದು ಮಾತ್ರ ಬೇಸಿಗೆಯಲ್ಲಿ, ಐಸ್ ಹಾಕಿ. ಚಹಾ ಎಲೆ ಒಂದೂ ಇದರಲ್ಲಿ ಬೀಳುವುದಿಲ್ಲ. ತೈವಾನಿನಲ್ಲಿ, ಅದರಲ್ಲೂ ದಕ್ಷಿಣದ ಹಳೆಯ ನಗರ ತೈನಾನಿನಲ್ಲಿ, ಇದು ಬೀದಿಬೀದಿಯ ಪಾನೀಯ. ದಕ್ಷಿಣ ಚೀನಾ, ಮಲೇಷ್ಯಾ, ಸಿಂಗಪುರದ ಚೀನೀ ಮನೆಗಳಲ್ಲೂ ಬಳಕೆಯಲ್ಲಿದೆ. ಚಳಿಗಾಲದ ಕಾಯಿ ಎಂದು ಹೆಸರಿದ್ದರೂ ಕೊಯ್ಲು ಬೇಸಿಗೆಯಲ್ಲೇ. ಬಲಿತ ಕಾಯಿ ತಿಂಗಳುಗಟ್ಟಲೆ ಕೆಡದೆ ಚಳಿಗಾಲದವರೆಗೂ ಉಳಿಯುತ್ತದೆ, ಮೈಮೇಲಿನ ಬಿಳಿ ಪುಡಿ ಹಿಮದ ಹಾಗೆ ಕಾಣುತ್ತದೆ. ಹೆಸರಿಗೆ ಈ ಎರಡು ಕಾರಣಗಳನ್ನೂ ಹೇಳುತ್ತಾರೆ.

ಆ ಕಾಯಿ ಬೇರೆ ಯಾವುದೂ ಅಲ್ಲ, ನಾವು ಮಜ್ಜಿಗೆಹುಳಿಗೆ, ಕಾಶಿಹಲ್ವಕ್ಕೆ ಬಳಸುವ ಬೂದುಗುಂಬಳ. ಆದ್ದರಿಂದ ಈ ಚಹಾ ಮಾಡಲು ಹೊರದೇಶದ ಸಾಮಾನು ಏನೂ ಬೇಡ. ಬೇಕಾದದ್ದು ಮೂರು ಗಂಟೆಯ ತಾಳ್ಮೆ ಮತ್ತು ನಮ್ಮ ಒಂದು ಅಭ್ಯಾಸವನ್ನು ಬಿಡುವ ಮನಸ್ಸು. ಬೂದುಗುಂಬಳ ಹೆಚ್ಚುವಾಗ ನಮ್ಮ ಕೈ ತಾನಾಗಿಯೇ ಸಿಪ್ಪೆಯನ್ನೂ ನಡುವಿನ ನಾರುತಿರುಳನ್ನೂ ಬೀಜವನ್ನೂ ಆಚೆ ತಳ್ಳುತ್ತದೆ. ಈ ಪಾನೀಯಕ್ಕೆ ಅವೇ ಮುಖ್ಯ. ಬಿಳಿ ಭಾಗ ಬಹುಪಾಲು ನೀರು, ಅದಕ್ಕೆ ಸ್ವಂತದ ಪರಿಮಳ ಬಹಳ ಕಡಿಮೆ. ಹಸಿರು ಸಿಪ್ಪೆಯ ಹುಲ್ಲಿನಂಥ ವಾಸನೆ, ತಿರುಳಿನ ತೆಳು ಹುಳಿ ಎರಡೂ ಬೆಲ್ಲದ ಬಣ್ಣದ ಪಾಕದಲ್ಲಿ ನಿಧಾನವಾಗಿ ಕಾದು ಮಾಗಿದಾಗಲೇ ಆ ರುಚಿ ಹುಟ್ಟುವುದು. ಬರೀ ಬಿಳಿ ಹೋಳು ಹಾಕಿ ಕುದಿಸಿದರೆ ಸಿಗುವುದು ಸಕ್ಕರೆ ನೀರು.

ಕಾಯಿ ಬಲಿತಿರಬೇಕು. ಎಳೆಕಾಯಿಯ ಮೈಮೇಲೆ ನವಿರಾದ ರೋಮವಿರುತ್ತದೆ, ಬೂದಿ ಇರುವುದಿಲ್ಲ. ಅದು ಪಲ್ಯಕ್ಕಾದೀತು, ಇದಕ್ಕೆ ಬೇಡ. ಬಿಳಿ ಬೂದಿ ದಟ್ಟವಾಗಿ ಕೂತ, ಗಾತ್ರಕ್ಕಿಂತ ಭಾರ ಎನಿಸುವ ಕಾಯಿಯನ್ನು ಆರಿಸಿ. ಹೋಳು ಮಾಡಿ ಮಾರುವ ಅಂಗಡಿಯಲ್ಲಾದರೆ ಬೀಜ ಗಟ್ಟಿಯಾಗಿದೆಯೇ ನೋಡಿ. ಆ ಬೂದಿ ಮೇಣ, ವಿಷವಲ್ಲ, ಆದರೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಪ್ಪೆಯೂ ಪಾತ್ರೆಗೆ ಹೋಗುವುದರಿಂದ ತೆಂಗಿನ ನಾರಿನಿಂದ ಹಸಿರು ಕಾಣುವವರೆಗೆ ತಿಕ್ಕಿ ತೊಳೆಯಿರಿ. ಹೆಚ್ಚಿದ ಕೂಡಲೇ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಬೇಕು. ಸೋರೆ, ಸೌತೆಯ ಕುಟುಂಬದಲ್ಲಿ ಅಪರೂಪಕ್ಕೆ ಕಾಣುವ ಈ ಕಹಿ ಹೊಟ್ಟೆಯನ್ನು ಜೋರಾಗಿ ಕೆಡಿಸುತ್ತದೆ, ಸಕ್ಕರೆ ಅದನ್ನು ಮರೆಸುತ್ತದೆಯೇ ಹೊರತು ತೆಗೆಯುವುದಿಲ್ಲ.

ಪ್ರಮಾಣ ಹೀಗಿದೆ. ಸಿಪ್ಪೆ, ಬೀಜ ಎಲ್ಲ ಸೇರಿ 2 ಕೆಜಿ ಬೂದುಗುಂಬಳ, 400 ಗ್ರಾಂ ಕಂದು ಸಕ್ಕರೆ ಅಥವಾ ಕಪ್ಪು ಬೆಲ್ಲ, 150 ಗ್ರಾಂ ಕಲ್ಲುಸಕ್ಕರೆ, ಎರಡು ಚಿಟಿಕೆ ಉಪ್ಪು. ಬೇಕಿದ್ದರೆ ಬಲಿತ ಶುಂಠಿಯ ಮೂರು ಬಿಲ್ಲೆ. ಈ ಕಾಯಿ ಮೈಗೆ ತಂಪು ಎಂಬ ನಂಬಿಕೆ ಚೀನಿಯರಲ್ಲೂ ನಮ್ಮ ಹಾಗೆಯೇ ಬಲವಾಗಿದೆ, ಆ ತಂಪನ್ನು ಸರಿದೂಗಿಸಲೆಂದು ಕೆಲವರು ಶುಂಠಿ ಹಾಕುತ್ತಾರೆ. ತೈವಾನಿನಲ್ಲಿ ಬಳಸುವ ಕಪ್ಪು ಸಕ್ಕರೆ ಕಬ್ಬಿನಹಾಲನ್ನು ಕಾಸಿ ಇಂಗಿಸಿ ಮಾಡಿದ್ದು, ಅಂದರೆ ನಮ್ಮ ಬೆಲ್ಲದ ನೆಂಟ. ಹಾಗಾಗಿ ಬೆಲ್ಲ ಹಾಕಿದರೆ ಅಪಚಾರವೇನಲ್ಲ. ಹೊಳೆಯುವ ಹಳದಿ ಬೆಲ್ಲವನ್ನು ಬಿಟ್ಟು ಗಾಢ ಬಣ್ಣದ್ದನ್ನು ತೆಗೆದುಕೊಳ್ಳಿ. ಅದನ್ನು ಮೊದಲು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಸೋಸಿ, ಇಲ್ಲದಿದ್ದರೆ ತಳದ ಮಣ್ಣು, ಕಬ್ಬಿನ ಚೂರು ಎಲ್ಲ ಚಹಾದಲ್ಲಿ ಬರುತ್ತವೆ. ಬರೀ ಬೆಲ್ಲದಲ್ಲಿ ಮಾಡಿದರೆ ಪಾನಕದ ರುಚಿ ಬಂದು ಕುಂಬಳ ಹಿಂದೆ ಸರಿಯುತ್ತದೆ. ಕಲ್ಲುಸಕ್ಕರೆ ಇರುವುದು ಅದಕ್ಕೇ: ಸಿಹಿ ಕೊಡುತ್ತದೆ, ತನ್ನ ವಾಸನೆ ಹೇರುವುದಿಲ್ಲ.

ಸಿಪ್ಪೆಯನ್ನು ತುಸು ದಪ್ಪವಾಗಿ ಹೆರೆದು, ತಿರುಳು ಮತ್ತು ಬೀಜದ ಜೊತೆ ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬೀಜ ಜಜ್ಜಬೇಡಿ, ಒಡೆದ ಬೀಜ ಪಾಕಕ್ಕೆ ಒಗರು ಬಿಡುತ್ತದೆ. ಬಿಳಿ ಭಾಗವನ್ನು ಎರಡು ಸೆಂಟಿಮೀಟರಿನ ಹೋಳು ಮಾಡಿ. ದಪ್ಪ ತಳದ, ಬಾಯಿ ಅಗಲವಿರುವ ಸ್ಟೀಲ್ ಪಾತ್ರೆಗೆ ಹೋಳು ಹಾಕಿ, ಕಂದು ಸಕ್ಕರೆ ಸುರಿದು, ಕೈಯಿಂದ ಮಿದ್ದು, ಗಂಟನ್ನು ನಡುವೆ ಹುದುಗಿಸಿ ಒಂದು ಗಂಟೆ ಬಿಡಿ. ಬೆಲ್ಲವಾದರೆ ಕರಗಿಸಿ ಸೋಸಿ ತಣಿಸಿದ್ದನ್ನು ಸುರಿಯಿರಿ.

ಈ ಒಂದು ಗಂಟೆಯನ್ನು ಅವಸರದಲ್ಲಿ ನುಂಗಿಹಾಕುವವರೇ ಹೆಚ್ಚು. ಹತ್ತು ನಿಮಿಷಕ್ಕೆ ಸಕ್ಕರೆ ಒದ್ದೆ ಮರಳಿನಂತಾಗುತ್ತದೆ. ಅರ್ಧ ಗಂಟೆಗೆ ಹೋಳುಗಳ ಮೂಲೆ ಮೆತ್ತಗಾಗಿ ಪಾತ್ರೆಯ ತಳದಲ್ಲಿ ಕಂದು ನೀರು ಕಾಣುತ್ತದೆ. ಗಂಟೆ ತುಂಬುವ ಹೊತ್ತಿಗೆ ಪಾತ್ರೆ ಓರೆ ಮಾಡಿದರೆ ಸೌಟಿನಲ್ಲಿ ಮೊಗೆಯುವಷ್ಟು ರಸ ಕೂಡಿರುತ್ತದೆ. ಉಪ್ಪು ಹಚ್ಚಿದ ಮಾವಿನಹೋಳು ನೀರು ಬಿಡುವ ಹಾಗೆಯೇ ಸಕ್ಕರೆ ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಬೇಯಿಸಲು ಬೇಕಾದ ನೀರು ಇದೇ. ಇದರ ಬದಲು ಒಂದೆರಡು ಲೀಟರ್ ನೀರು ಸುರಿದು ಒಲೆಯ ಮೇಲಿಟ್ಟರೆ, ಆ ನೀರನ್ನು ಇಂಗಿಸುವುದಕ್ಕೇ ಇನ್ನೊಂದು ಗಂಟೆಗೂ ಹೆಚ್ಚು ಬೇಕು, ಅಷ್ಟರಲ್ಲಿ ಹೋಳು ಕರಗಿ ರಸ ಕದಡಿರುತ್ತದೆ.

ಮೊದಲು ಮಧ್ಯಮ ಉರಿ. ಕುದಿ ಬಂದಾಗ ಮೇಲೆ ಬರುವ ಬೂದು ನೊರೆಯನ್ನು ಸೌಟಿನಿಂದ ತೆಗೆಯಿರಿ. ಆಮೇಲೆ ಉರಿ ಸಣ್ಣ ಮಾಡಿ, ಶುಂಠಿ ಹಾಕಿ, ಅರೆ ಮುಚ್ಚಿ ಒಂದು ಗಂಟೆ ಬಿಡಿ. ಗುಳ್ಳೆ ಅಲ್ಲೊಂದು ಇಲ್ಲೊಂದು ಏಳುತ್ತಿದ್ದರೆ ಉರಿ ಸರಿಯಿದೆ ಎಂದರ್ಥ. ಬಳಿಕ ಮುಚ್ಚಳ ತೆಗೆದು, ಕಲ್ಲುಸಕ್ಕರೆ ಹಾಕಿ, ಇನ್ನೂ ಒಂದರಿಂದ ಒಂದೂವರೆ ಗಂಟೆ ಕಾಯಿಸಿ. ಸುಣ್ಣದ ಬಿಳುಪಿನ ಹೋಳು ಮೊದಲು ಅಂಚಿನಿಂದ ಗಾಜಾಗುತ್ತದೆ. ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಉಳಿದಿರುವಾಗ ಇನ್ನೂ ಸಮಯವಿದೆ. ಅದೂ ಮಾಯವಾಗಿ ಹೋಳು ಬೆಳಕಿಗೆ ಹಿಡಿದರೆ ಜೇನಿನ ಬಣ್ಣದಲ್ಲಿ ಪೂರ್ತಿ ಪಾರದರ್ಶಕವಾಗಿ ಕಂಡಾಗ ಒಳಗಿದ್ದದ್ದೆಲ್ಲ ಪಾಕಕ್ಕೆ ಬಂದಿದೆ. ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿ. ನೀರಿನಂತೆ ಓಡಬಾರದು, ಎಳೆಯೂ ಬರಬಾರದು. ಒಂದೆಳೆ ಪಾಕಕ್ಕೆ ಮೊದಲೇ ಇಳಿಸಿಬಿಡಿ, ಆರಿದಾಗ ಇನ್ನಷ್ಟು ಮಂದವಾಗುತ್ತದೆ. ಉಪ್ಪು ಈಗ ಹಾಕಿ. ಉಗುರು ಬೆಚ್ಚಗಾದ ಮೇಲೆ ಗಂಟನ್ನು ಹಿಂಡಿ, ಜರಡಿಯಲ್ಲಿ ಸೋಸಿ. ಹೋಳನ್ನು ಒತ್ತಿ ಉಜ್ಜಬೇಡಿ, ತಾನಾಗಿ ಇಳಿದಷ್ಟೇ ಸಾಕು. ಸುಮಾರು 1 ಲೀಟರ್ ಗಾಢ ಪಾಕ ಸಿಗುತ್ತದೆ.

ಕುಕ್ಕರಿನಲ್ಲಿ ಆಗುವುದಿಲ್ಲವೇ? ಹೋಳು ಬೇಯುತ್ತದೆ, ಚಹಾ ಆಗುವುದಿಲ್ಲ. ಮುಚ್ಚಿದ ಹಬೆಯಲ್ಲಿ ಹಸಿವಾಸನೆ ಹೊರಗೆ ಹೋಗುವುದಿಲ್ಲ, ನೀರು ಇಂಗುವುದಿಲ್ಲ, ಸಕ್ಕರೆ ತಳ ಹಿಡಿಯುವ ಭಯ ಬೇರೆ. ಮಿಕ್ಸಿಗೆ ಹಾಕಿದರೆ ನಾರು ಸೇರಿ ಕದಡುತ್ತದೆ, ಬೇಗ ಹುಳಿಯುತ್ತದೆ. ಕಬ್ಬಿಣದ ಬಾಣಲೆ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತದೆ. ಪಾಕ ಕಹಿಯಾದರೆ ಬಹುತೇಕ ಕೊನೆಯ ಅರ್ಧ ಗಂಟೆಯಲ್ಲಿ ಉರಿ ಜೋರಾಗಿ ತಳ ಹಿಡಿದಿದೆ ಎಂದು ತಿಳಿಯಿರಿ. ಆ ಸುಟ್ಟ ಕಹಿಯನ್ನು ಸರಿಪಡಿಸಲು ಬರುವುದಿಲ್ಲ, ಆದ್ದರಿಂದ ಕೊನೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ತಳದಿಂದ ಕೈಯಾಡಿಸಿ.

ಕುಡಿಯುವಾಗ 50 ಮಿಲಿ ಪಾಕಕ್ಕೆ 200 ಮಿಲಿ ತಣ್ಣೀರು. ಐಸ್ ಹಾಕುವುದಾದರೆ 150 ಮಿಲಿ ನೀರು, ಉಳಿದದ್ದು ಐಸ್ ಕರಗಿ ಸೇರುತ್ತದೆ. ನಿಂಬೆರಸ ಒಂದು ಟೀ ಚಮಚ ಹಿಂಡಿದರೆ ತೈವಾನಿನವರು ತುಂಬ ಇಷ್ಟಪಡುವ ನಿಂಬೆ ಚಹಾ. ಇದನ್ನು ಲೋಟಕ್ಕೇ ಹಿಂಡಬೇಕು, ಕುದಿಯುವ ಪಾಕಕ್ಕೆ ಹಿಂಡಿದರೆ ಪರಿಮಳ ಹಾರಿಹೋಗುತ್ತದೆ. ನೀರಿನ ಬದಲು ಹಾಲು ಹಾಕುವುದೂ ಉಂಟು. ಬೆಲ್ಲ ಬಿದ್ದ ಬಿಸಿ ಹಾಲು ಒಡೆಯುವುದು ನಮ್ಮ ಅಡುಗೆಮನೆಗೆ ಗೊತ್ತಿರುವ ವಿಷಯವೇ, ಹಾಗಾಗಿ ಹಾಲು, ಪಾಕ ಎರಡೂ ಫ್ರಿಜ್ಜಿನಿಂದ ತೆಗೆದ ತಣ್ಣಗಿನವೇ ಇರಲಿ. ಮಲೇಷ್ಯಾ, ಸಿಂಗಪುರದ ಕಡೆ ಪರಿಮಳಕ್ಕೆ ಬಳಸುವ ಪಾಂಡನ್ ಎಂಬ ಉದ್ದನೆಯ ಎಲೆಯನ್ನು ಗಂಟು ಹಾಕಿ ಪಾಕದೊಳಗೆ ಬಿಡುತ್ತಾರೆ, ಕೊನೆಯ ಇಪ್ಪತ್ತು ನಿಮಿಷ ಇದ್ದರೆ ಸಾಕು.

ಸಕ್ಕರೆಯ ಲೆಕ್ಕವನ್ನು ಮರೆಮಾಚಲು ಬರುವುದಿಲ್ಲ. ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ ಸುಮಾರು 25 ಗ್ರಾಂ ಸಕ್ಕರೆ ಬೀಳುತ್ತದೆ. ಹೀಗೆ ಬೆರೆಸಿದ ಸಕ್ಕರೆ ದೊಡ್ಡವರಿಗೆ ದಿನಕ್ಕೆ ಇಷ್ಟರೊಳಗೇ ಇದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಂಪು ಎಂಬ ಹೆಸರಿನಲ್ಲಿ ಮೂರು ನಾಲ್ಕು ಲೋಟ ಇಳಿಸುವ ಪಾನೀಯ ಇದಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ್ದಾದರೂ ಬೇಡವೇ ಬೇಡ. ಮಕ್ಕಳಿಗೆ 25 ಮಿಲಿ ಪಾಕಕ್ಕೆ ಅದೇ 200 ಮಿಲಿ ನೀರು ಹಾಕಿ ನಿಂಬೆ ಹಿಂಡಿದರೆ ರುಚಿ ಕುಂದುವುದಿಲ್ಲ. ಮೂಲ ಪಾಕಕ್ಕೇ ಸಕ್ಕರೆ ಕಡಿಮೆ ಮಾಡಿದರೆ ಕಾಯಿ ಸರಿಯಾಗಿ ನೀರು ಬಿಡುವುದಿಲ್ಲ, ಪಾಕವೂ ಬಾಳುವುದಿಲ್ಲ. ಕಡಿಮೆ ಮಾಡುವುದಾದರೆ ಲೋಟದಲ್ಲಿ ಮಾಡಿ.

ಒಣಗಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನೊಳಗೆ ಹತ್ತು ದಿನ ಇಡಬಹುದು. ಹೊರಗಿಟ್ಟು ಬಾಳಿಸುವಷ್ಟು ಸಕ್ಕರೆ ಇದರಲ್ಲಿಲ್ಲ. ಗುಳ್ಳೆ ಕಂಡರೆ, ಹುಳಿವಾಸನೆ ಬಂದರೆ ಚೆಲ್ಲಿಬಿಡಿ. ಐಸ್ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿಟ್ಟರೆ ಒಂದೆರಡು ತಿಂಗಳು ಇದ್ದೀತು. ತೈವಾನಿನ ಅಂಗಡಿಗಳಲ್ಲಿ ಇದನ್ನು ಇಟ್ಟಿಗೆಯಾಕಾರದ ಕಂದು ಅಚ್ಚಾಗಿಯೂ ಮಾರುತ್ತಾರೆ, ನೀರಿಗೆ ಹಾಕಿ ಕುದಿಸಿದರೆ ಚಹಾ ಸಿದ್ಧ. ಮನೆಯಲ್ಲಿ ಅದನ್ನು ಮಾಡಹೊರಟವರು ಸೋಲುವುದು ಎರಡು ಕಾರಣಕ್ಕೆ. ಮೇಲಿನ ಪ್ರಮಾಣದ ಸಕ್ಕರೆ ಅಚ್ಚು ಕಟ್ಟಲು ಸಾಲದು. ಎರಡನೆಯದಾಗಿ, ಬರೀ ಬೆಲ್ಲ ಹಾಕಿದರೆ ಅಥವಾ ನಿಂಬೆ ಸೇರಿದರೆ ಸಕ್ಕರೆ ಒಡೆದು ಹರಳುಗಟ್ಟದೆ ಅಂಟಾಗಿಯೇ ಉಳಿಯುತ್ತದೆ.

ಜರಡಿಯಲ್ಲಿ ಉಳಿದ ಹೋಳನ್ನು ಬಿಸಾಡಬೇಡಿ. ತೈವಾನಿನ ಹೆಸರುವಾಸಿ ಅನಾನಸ್ ಕೇಕಿನೊಳಗಿನ ಹೂರಣದಲ್ಲಿ ಬಹುಕಾಲದಿಂದ ಬೂದುಗುಂಬಳವೇ ಹೆಚ್ಚು ಪಾಲು, ಅನಾನಸ್ ಅಲ್ಲ. ಹೋಳನ್ನು ಮಸೆದು, ಅರ್ಧದಷ್ಟು ತುರಿದ ಅನಾನಸ್ ಸೇರಿಸಿ, ಬಾಣಲೆಯಲ್ಲಿ ತಳ ಬಿಡುವವರೆಗೆ ಬಾಡಿಸಿದರೆ ಅದೇ ಹೂರಣ. ಅಷ್ಟು ಪುರುಸೊತ್ತಿಲ್ಲದಿದ್ದರೆ ಎರಡು ಚಮಚ ತುಪ್ಪ, ಏಲಕ್ಕಿ ಪುಡಿ ಹಾಕಿ ಕೆದಕಿ. ಸಕ್ಕರೆ ಹಾಕಲು ಹೋಗಬೇಡಿ, ಹೋಳು ಆಗಲೇ ಸಾಕಷ್ಟು ಹೀರಿಕೊಂಡಿರುತ್ತದೆ.