ಅವ್ವನ ಮುಂದೆ ಕೇಳಲಾಗದ ಪ್ರಶ್ನೆ

ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಮರದಿಂದ ಬಿದ್ದವರ ಸುದ್ದಿಯೂ ಕಿವಿಗೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾದ ಯುವಕನೊಬ್ಬನನ್ನು ದಾವಣಗೆರೆಯ ಆಸ್ಪತ್ರೆಗೆ ತಂದರು ಅಂದುಕೊಳ್ಳಿ. 'ಮತ್ತೆ ನಡೀತಾನಾ?' ಎಂದು ಮನೆಯವರು ಕೇಳುತ್ತಾರೆ. ಅವನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಯಿದೆ. ಅವ್ವ ಪಕ್ಕದಲ್ಲೇ ಕೂತಿರುವಾಗ ಬಾಯಿ ಬಿಡುವುದು ಹೇಗೆ?

ಕಿಮ್ ಆಂಡರ್ಸನ್ ಎಂಬ ವಿಜ್ಞಾನಿ ಬೆನ್ನುಹುರಿ ಪೆಟ್ಟಾದ 681 ಜನರನ್ನು 'ಯಾವ ಶಕ್ತಿ ಮೊದಲು ಮರಳಿ ಬೇಕು?' ಎಂದು ಕೇಳಿ 2004ರಲ್ಲಿ ಉತ್ತರ ಪ್ರಕಟಿಸಿದರು. ಕಾಲಿನ ಸ್ವಾಧೀನ ಮಾತ್ರ ತಪ್ಪಿದವರಲ್ಲಿ ಅತಿ ಹೆಚ್ಚು ಜನ ಮೊದಲು ಬೇಕೆಂದದ್ದು ನಡಿಗೆಯಲ್ಲ, ಲೈಂಗಿಕ ಶಕ್ತಿ. ಇದರಲ್ಲಿ ನಾಚಿಕೆಯದೇನಿದೆ?

ಶಿಶ್ನ ನಿಮಿರಲು ಎರಡು ದಾರಿಗಳಿವೆ. ಮುಟ್ಟಿದರೆ ನಿಮಿರುವುದು ಬೆನ್ನುಹುರಿಯ ತುದಿಯ ಕೆಲಸ. ಡಾಕ್ಟರು ಬೆನ್ನುಹುರಿಯ ಭಾಗಗಳನ್ನು ಎದೆಮಟ್ಟದ್ದು ಟಿ, ಸೊಂಟದ್ದು ಎಲ್, ಅದರ ಕೆಳಗಿನದು ಎಸ್ ಎಂದು ಮೇಲಿನಿಂದ ಕೆಳಕ್ಕೆ ಎಣಿಸುತ್ತಾರೆ. ತುದಿಯ ಎಸ್2ರಿಂದ ಎಸ್4 ಭಾಗ ಚೆನ್ನಾಗಿದ್ದರೆ ಮಿದುಳಿಗೆ ಸುದ್ದಿ ಮುಟ್ಟದಿದ್ದರೂ ಆಗುತ್ತದೆ. ನೋಡಿ, ನೆನೆದು ಮನಸ್ಸು ಅರಳಿದಾಗ ಆಗುವುದಕ್ಕೆ ಇನ್ನೂ ಮೇಲಿನ ಟಿ11ರಿಂದ ಎಲ್2 ಭಾಗ ಬೇಕು. ಹಾಗಾಗಿ ಒಂದು ದಾರಿ ಮುಚ್ಚಿದರೂ ಇನ್ನೊಂದು ಉಳಿದಿರಬಹುದು.

ಯಾವುದು ಉಳಿದಿದೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಹತ್ತಿ, ಒಂದು ಪಿನ್ನು, ಕೈಗವಸು ಸಾಕು. ಕಿಬ್ಬೊಟ್ಟೆ, ತೊಡೆಸಂದು, ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತದೆಯೇ ಎಂದು ಡಾಕ್ಟರು ನೋಡುತ್ತಾರೆ. ಶಿಶ್ನದ ತುದಿಯನ್ನು ಮೆಲ್ಲಗೆ ಒತ್ತಿದಾಗ ಗುದದ್ವಾರ ಬಿಗಿಯಾದರೆ ಕೆಳಗಿನ ದಾರಿ ಜೀವಂತವಾಗಿದೆ. ಆದರೆ ಎಲ್ಲಕ್ಕಿಂತ ಜಾಸ್ತಿ ತಿಳಿಯುವುದು ಮಾತಿನಿಂದ. ಮನೆಯವರನ್ನು ಹತ್ತು ನಿಮಿಷ ಹೊರಗೆ ಕಳಿಸಿ ಕೇಳಬೇಕು: ಬೆಳಗ್ಗೆ ಎದ್ದಾಗ ನಿಮಿರಿರುತ್ತದಾ? ಮೂತ್ರದ ನಳಿಕೆ ಹಾಕುವಾಗ? ಎಷ್ಟು ಹೊತ್ತು ನಿಲ್ಲುತ್ತದೆ?

ಇದನ್ನು ಮೊದಲ ವಾರಗಳಲ್ಲೇ ತೀರ್ಮಾನಿಸುವುದು ತಪ್ಪು. ಪೆಟ್ಟಾದ ಹೊಸದರಲ್ಲಿ ಬೆನ್ನುಹುರಿ ಮರಗಟ್ಟಿದಂತೆ ಸುಮ್ಮನಾಗಿರುತ್ತದೆ. ಆಗ 'ಇನ್ನು ಆಗಲ್ಲ' ಎಂದುಬಿಟ್ಟರೆ ಆ ಮಾತು ಅವನನ್ನು ಜೀವನಪೂರ್ತಿ ಕಾಡುತ್ತದೆ. ತಿಂಗಳುಗಳ ನಂತರ ಮತ್ತೆ ನೋಡಬೇಕು.

ನಿಮಿರುವುದು ಬೇರೆ, ವೀರ್ಯ ಬರುವುದು ಬೇರೆ. ಮೊದಲನೆಯದಕ್ಕೆ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ನೆರವಾಗುತ್ತದೆ. ಆದರೆ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ಎರಡನೆಯದು ಕಷ್ಟ. ಪೆಟ್ಟು ಟಿ10ಕ್ಕಿಂತ ಮೇಲಿದ್ದರೆ ಶಿಶ್ನದ ತುದಿಗೆ ಹಿಡಿಯುವ ಕಂಪಿಸುವ ಉಪಕರಣದಿಂದ ಎಷ್ಟೋ ಜನರಿಗೆ ವೀರ್ಯ ಬರುತ್ತದೆ. ಅದರಿಂದ ಮಗುವಿನ ಪ್ರಯತ್ನವೂ ಸಾಧ್ಯ. ಪೆಟ್ಟು ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಎಚ್ಚರ. ಬಿಪಿ ದಿಢೀರನೆ ಏರಬಹುದು. ಅದಕ್ಕೇ ಈ ಉಪಕರಣದ ಮೊದಲ ಬಳಕೆ ಆಸ್ಪತ್ರೆಯಲ್ಲೇ, ಬಿಪಿ ನೋಡುತ್ತಲೇ ನಡೆಯಬೇಕು. ತಲೆ ಸಿಡಿಯತೊಡಗಿದರೆ, ಮುಖ ಬೆವರಿದರೆ ತಕ್ಷಣ ನಿಲ್ಲಿಸಿ ಅವನನ್ನು ನೆಟ್ಟಗೆ ಕೂರಿಸಬೇಕು.