ಗಾಯ ಮಾಯುವುದು ಅಂಚಿನಿಂದ

ಜಗಳೂರು ಕಡೆಯ ಮೆಕ್ಕೆಜೋಳದ ರೈತರೊಬ್ಬರು ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಬಂದಾಗ ಅಂಗಾಲಿನ ಗಾಯಕ್ಕೆ ದಪ್ಪಗೆ ಅರಿಶಿನ ಮೆತ್ತಿಕೊಂಡಿದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ. “ಗಾಳಿಗೆ ಬಿಟ್ಟು ಒಣಗಿಸಿದ್ದೇನೆ ಡಾಕ್ಟರೇ, ಆದರೂ ಮಾಯುತ್ತಿಲ್ಲ” ಎಂದರು. ತೊಳೆದು ನೋಡಿದರೆ ಗಾಯದ ನಡು ಕೆಂಪಗೆ, ಚೆನ್ನಾಗಿಯೇ ಇತ್ತು. ಸುತ್ತಲಿನ ಚರ್ಮ ಮಾತ್ರ ಬಿಳಿಚಿ, ಬಾವಿಕಟ್ಟೆಯಂತೆ ಗಟ್ಟಿಯಾಗಿತ್ತು.

ಆ ಅಂಚಿನಲ್ಲಿ ಏನು ನಡೆಯಬೇಕಿತ್ತು ಎಂಬುದನ್ನು ಜೀವಂತವಾಗಿ ನೋಡಲು ಸಿಗುವುದು ಕ್ಲೈಟಿಯಾ ಎಂಬ ಪುಟ್ಟ ಜೆಲ್ಲಿ ಮೀನಿನಲ್ಲಿ. ಅಗಲ ಒಂದೆರಡು ಸೆಂಟಿಮೀಟರ್. ಮೈ ಗಾಜಿನಂತೆ ಪಾರದರ್ಶಕ. ಕೊಡೆಯಂಥ ಅದರ ಹೊರಮೈಗೆ ಒಂದೇ ಪದರದ ಚಪ್ಪಟೆ ಕೋಶಗಳ ಹೊದಿಕೆ. ಸಣ್ಣದಾಗಿ ಗೀರಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಂಚಿನ ಕೋಶಗಳು ತೆಳುವಾದ ಸೆರಗು ಚಾಚಿ ತೆವಳತೊಡಗುತ್ತವೆ. ಎದುರು ದಡದ ಕೋಶ ತಾಗಿದ ಕೂಡಲೇ ಹಿಡಿದು ಸೇರಿಕೊಳ್ಳುತ್ತವೆ. ನಿಮಿಷಗಳಲ್ಲಿ ಗೀರು ಮುಚ್ಚುತ್ತದೆ, ಕಲೆಯೂ ಉಳಿಯುವುದಿಲ್ಲ. ಕೋಶಗಳ ಅಡಿಯ ಹಾಸು ಹರಿದಿದ್ದರೆ ತೆವಳಲು ನೆಲೆಯಿಲ್ಲ. ಆಗ ಅಂಚು ಎಲೆಅಡಿಕೆ ಸಂಚಿಯ ದಾರ ಎಳೆದಂತೆ ಬಿಗಿದುಕೊಳ್ಳುತ್ತದೆ. ನೋಡುತ್ತಾ ಕೂತರೆ ಕಣ್ಣು ಕೀಳಲು ಮನಸ್ಸಾಗುವುದಿಲ್ಲ.

ಜೆಲ್ಲಿ ಮೀನಿಗೆ ರಕ್ತವಿಲ್ಲ, ಹಕ್ಕಳೆ ಕಟ್ಟುವುದಿಲ್ಲ, ಸಕ್ಕರೆ ಕಾಯಿಲೆಯಂತೂ ಇಲ್ಲ. ಅದರಿಂದ ನಮ್ಮ ಕಾಲಿಗೆ ಮದ್ದು ಸಿಕ್ಕಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನಮ್ಮ ಚರ್ಮದ ಕೋಶಗಳೂ ಅಂಚಿನಿಂದಲೇ ತೆವಳಿಕೊಂಡು ಬರಬೇಕು, ಅದಕ್ಕೆ ಒದ್ದೆಯಾದ, ಶುಚಿಯಾದ ನೆಲ ಬೇಕು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಚರ್ಮದ ಮೇಲೆ ಇದನ್ನು ತೋರಿಸಿದರು: ತೆಳು ಹಾಳೆ ಮುಚ್ಚಿ ತೇವ ಉಳಿಸಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಒಣಗಿಸಿದರೆ ಕೋಶಗಳು ಹಕ್ಕಳೆಯ ಕೆಳಗೆ ತೇವ ಹುಡುಕುತ್ತಾ ಸುತ್ತಿ ಬರಬೇಕಾಗುತ್ತದೆ. ಅರಿಶಿನ, ಕಾಫಿಪುಡಿ, ಬೂದಿ ಎಲ್ಲವೂ ಅವುಗಳ ದಾರಿಗೆ ಸುರಿದ ಕಸ.

ಪಾದದ ನಾಡಿ ನೋಡಿದೆ, ರಕ್ತ ಹರಿಯುತ್ತಿತ್ತು. ಗಟ್ಟಿ ಅಂಚನ್ನು ಬ್ಲೇಡಿನಿಂದ ಹೆರೆದೆ. ಅವರಿಗೆ ನೋವೇ ಆಗಲಿಲ್ಲ. ನನಗೆ ಭಯ ಹುಟ್ಟಿಸುವುದು ಆ ಸ್ಪರ್ಶವಿಲ್ಲದ ಪಾದವೇ. ತೇವ ಕಾಯುವ ಡ್ರೆಸ್ಸಿಂಗ್, ಸಕ್ಕರೆಯ ಹತೋಟಿ, ಗಾಯದ ಮೇಲೆ ಭಾರ ಬೀಳದಂಥ ಚಪ್ಪಲಿ. “ಬರಿಗಾಲಲ್ಲಿ ಇಡುವ ಒಂದೊಂದು ಹೆಜ್ಜೆಯೂ ಹೊಸ ಚರ್ಮವನ್ನು ಜಜ್ಜುತ್ತದೆ ಯಜಮಾನರೇ” ಎಂದೆ.

ಮೂರನೆಯ ವಾರ ಪಟ್ಟಿ ಬಿಚ್ಚಿದಾಗ ತೆಳು ಗುಲಾಬಿ ಪೊರೆಯೊಂದು ಅಂಚಿನಿಂದ ಅಕ್ಕಿಕಾಳಿನಷ್ಟು ಒಳಗೆ ಬಂದಿತ್ತು. ಬಗ್ಗಿ ಅಂಗಾಲು ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದೆ.